ಕುಲಾವಿಯೊಳಗಿದ್ದ ಗದ್ದ

ಚಿಕ್ಕ ಕೇಸು ಎಂದು ಯಾರಾದರೂ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಕೊಯ್ಯುವವರಿಗೆ ಅದು ಚಿಕ್ಕದಿರಬಹುದು. ತೊಡೆಸಂದಿನಲ್ಲಿ ಎರಡು ಬೆರಳಗಲದ ಗೀರು, ನಾಲ್ಕು ಹೊಲಿಗೆ, ಸಂಜೆಗೆ ಮನೆ. ಒಂದೂವರೆ ವರ್ಷದ ಮಗುವಿಗೆ ಅರಿವಳಿಕೆ ಕೊಡುವವರ ಪಾಲಿಗೆ ಚಿಕ್ಕ ಕೇಸು ಎಂಬುದಿಲ್ಲ. ದೊಡ್ಡವರ ಉಸಿರು ನಿಂತರೆ ಯೋಚಿಸಲು ಒಂದಿಷ್ಟು ಹೊತ್ತು ಸಿಗುತ್ತದೆ. ಮಗುವಿನ ಉಸಿರು ನಿಂತರೆ ಸಿಗುವುದಿಲ್ಲ. ಅದರ ಎದೆಯಲ್ಲಿ ಉಳಿದಿರುವ ಗಾಳಿ ಕಡಿಮೆ, ಮೈ ಅದನ್ನು ಬಳಸಿ ಮುಗಿಸುವ ವೇಗ ಹೆಚ್ಚು. ಇದು ನಾವೆಲ್ಲ ಮೊದಲ ವರ್ಷದಲ್ಲೇ ಓದಿದ ಪಾಠ. ಓದಿದವರೇ ಚಿಕ್ಕ ಕೇಸು ಎನ್ನುತ್ತಾರೆ.

ನಾನು ಅನಸ್ತೇಷಿಯಾ ಟೆಕ್ನಿಷಿಯನ್. ಅದರಲ್ಲೇ ಬಿಎಸ್ಸಿ ಮಾಡಿದ್ದೇನೆ. ಅರಿವಳಿಕೆಯ ಮತ್ತು ಕೊಡುವವರು ಡಾಕ್ಟರು. ಯಂತ್ರ ಪರೀಕ್ಷಿಸಿಟ್ಟು, ಔಷಧಿ ತುಂಬಿಟ್ಟು, ಡಾಕ್ಟರು ಕೈಚಾಚಿದಾಗ ಬೇಕಾದ ಸಾಮಾನು ಆ ಕೈಯಲ್ಲಿರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಆಗ ನಾನಿದ್ದ ಆಸ್ಪತ್ರೆ ಎರಡು ಕಡೆ ಇತ್ತು. ದೊಡ್ಡದು ಶಿವಮೊಗ್ಗದಲ್ಲಿ, ಚಿಕ್ಕದು ಭದ್ರಾವತಿಯ ಹಳೇ ನಗರದಲ್ಲಿ. ಎರಡಕ್ಕೂ ಮಾಲೀಕರು ಒಬ್ಬರೇ. ಆಪರೇಷನ್ ಮಾಡುವ ಸರ್ಜನ್ ಕೂಡ ಅವರೇ. ರೋಗಿಗೆ ಮತ್ತು ಕೊಡಲು ಒಬ್ಬ ಡಾಕ್ಟರ್ ಮೇಡಂ. ಭದ್ರಾವತಿಯಲ್ಲಿ ಆಪರೇಷನ್ ಇದ್ದ ದಿನ ಮೇಡಂ ಕಾರಿನಲ್ಲಿ ನಾನೂ ಹೋಗುತ್ತಿದ್ದೆ.

ನಮ್ಮ ಜೊತೆ ಒಂದು ಪೆಟ್ಟಿಗೆಯೂ ಹೋಗುತ್ತಿತ್ತು. ಮೆಕ್ಯಾನಿಕ್‌ಗಳು ಟೂಲ್ಸ್ ಇಟ್ಟುಕೊಳ್ಳುವಂಥ ನೀಲಿ ಪ್ಲಾಸ್ಟಿಕ್ ಪೆಟ್ಟಿಗೆ. ಮಕ್ಕಳ ಪೆಟ್ಟಿಗೆ ಎಂದೇ ಅದರ ಹೆಸರು. ಕೆಲವು ಮಕ್ಕಳ ಗಂಟಲಿಗೆ ಉಸಿರಾಟದ ಟ್ಯೂಬ್ ಹಾಕುವುದು ತುಂಬ ಕಷ್ಟ. ಅಂಥ ಹೊತ್ತಿಗೆ ಬೇಕಾಗುವುದೆಲ್ಲ ಅದರೊಳಗಿತ್ತು. ಗಂಟಲೊಳಗೆ ನೋಡಲು, ತುದಿಯಲ್ಲಿ ಕ್ಯಾಮೆರಾ ಇರುವ, ಮಕ್ಕಳ ಅಳತೆಯ ಲಾರಿಂಗೋಸ್ಕೋಪ್. ಟ್ಯೂಬ್ ಹೋಗದಿದ್ದರೆ ಗಂಟಲೊಳಗೆ ಕೂರಿಸಿ ಗಾಳಿ ಕೊಡಲು ಎಲ್‌ಎಂಎ ಎಂಬ ಪುಟ್ಟ ಮಾಸ್ಕ್‌ಗಳು, ಬೇರೆ ಬೇರೆ ಅಳತೆಯವು. ಟ್ಯೂಬಿಗೆ ದಾರಿ ಮಾಡಿಕೊಡುವ ತೆಳ್ಳಗಿನ ಕಡ್ಡಿ. ಎರಡು ಆಸ್ಪತ್ರೆಗೆ ಆ ಒಂದೇ ಪೆಟ್ಟಿಗೆ. ಇನ್ನೊಂದು ತರಿಸಿ ಎಂದು ಮೇಡಂ ಕೇಳಿದಾಗ ಸರ್ಜನ್ ನಕ್ಕಿದ್ದರು.

"ಎರಡೂ ಊರಲ್ಲಿ ಒಂದೇ ದಿನ ಮಕ್ಕಳು ಉಸಿರು ಕಟ್ಟಿಸ್ಕೊಳ್ತಾವಾ ಮೇಡಂ? ಹೋಗ್ತಾ ತಗೊಂಡು ಹೋಗಿ, ಬರ್ತಾ ತಗೊಂಡು ಬನ್ನಿ."

ಆಪರೇಷನ್ನಿಗೆ ಮುಂಚೆ ರೋಗಿಯನ್ನು ನೋಡುವುದಕ್ಕೂ ಅವರದೊಂದು ಪದ್ಧತಿ ಇತ್ತು. ವಿಡಿಯೋ ಕಾಲ್. ಭದ್ರಾವತಿಯ ವಾರ್ಡಿನಲ್ಲಿ ಸಿಸ್ಟರ್ ಫೋನ್ ಹಿಡಿಯಬೇಕು, ಶಿವಮೊಗ್ಗದಲ್ಲಿ ಮೇಡಂ ನೋಡಿ ಫಿಟ್ ಅನ್ನಬೇಕು. ಮೇಡಂ ಇದಕ್ಕೆ ಮೊದಲು ಜಗಳ ಆಡಿದ್ದರು, ಆಮೇಲೆ ಗೊಣಗಿದ್ದರು, ಆಮೇಲೆ ಸುಮ್ಮನಾಗಿದ್ದರು. ಎರಡು ಆಪರೇಷನ್‌ಗಳ ನಡುವೆ ಗ್ಲೌಸ್ ಬದಲಿಸುತ್ತ ಅವರು ಫೋನ್ ನೋಡುವುದು, ನಾನು ಪಕ್ಕದಲ್ಲಿ ಫೋನ್ ಹಿಡಿದು ನಿಲ್ಲುವುದು ನಮಗೆಲ್ಲ ರೂಢಿಯಾಗಿಬಿಟ್ಟಿತ್ತು.

ಆ ದಿನವೂ ಹಾಗೇ ನಿಂತಿದ್ದೆ. ಮರುದಿನ ಭದ್ರಾವತಿಯಲ್ಲಿ ಹರ್ನಿಯಾ ಆಪರೇಷನ್ ಆಗಬೇಕಿದ್ದ ಗಂಡುಮಗು. ಪರದೆಯಲ್ಲಿ ಕಂಡದ್ದು ಕೆಂಪು ಉಣ್ಣೆಯ ಒಂದು ಕುಲಾವಿ. ಅದರ ನಡುವೆ ಎರಡು ಕಣ್ಣು, ಒಂದು ಮೂಗು. ಕುಲಾವಿಯ ಲಾಡಿಯನ್ನು ಗದ್ದದ ಕೆಳಗೆ ಬಿಗಿದು ಕಟ್ಟಿ, ಅದು ಸಾಲದೆಂದು ಮೇಲೊಂದು ಮಫ್ಲರ್ ಸುತ್ತಿದ್ದರು.

"ಟೋಪಿ ತೆಗೀರಿ ಸಿಸ್ಟರ್. ಮುಖ ಪೂರ್ತಿ ತೋರಿಸಿ" ಎಂದರು ಮೇಡಂ.

"ಅಯ್ಯೋ ಬೇಡ ಡಾಕ್ಟ್ರಮ್ಮ, ಗಾಳಿ ತಾಗುತ್ತೆ. ಕಿವಿ ಸೋರೋದು ಈಗ ತಾನೆ ನಿಂತಿದೆ." ಇದು ಮಗುವನ್ನು ಎತ್ತಿಕೊಂಡಿದ್ದ ಅಜ್ಜಿಯ ದನಿ.

"ಒಂದೇ ನಿಮಿಷ ಅಜ್ಜಿ."

ಸಿಸ್ಟರ್ ಕೈ ಲಾಡಿಗೆ ಹೋಗುತ್ತಲೇ ಮಗು ಕಿಟಾರನೆ ಕಿರುಚಿ ಅಜ್ಜಿಯ ಹೆಗಲಿನಲ್ಲಿ ಮುಖ ಹುದುಗಿಸಿತು. "ನಾನು ನೋಡಿದೀನಿ ಮೇಡಂ, ಎಲ್ಲ ನಾರ್ಮಲ್" ಎಂದರು ಸಿಸ್ಟರ್. "ಬಾಯಿ ಎಷ್ಟು ದೊಡ್ಡದಾಗಿ ತೆಗೀತಾನೆ ಅಂತ ನಿಮಗೇ ಕೇಳಿಸ್ತಿದೆಯಲ್ಲ."

ಎಲ್ಲರೂ ನಕ್ಕೆವು. ನಾನೂ ನಕ್ಕೆ.

"ರಾತ್ರಿ ಗೊರಕೆ ಹೊಡೀತಾನಾ ಅಜ್ಜಿ?"

"ಇಷ್ಟು ಮಗು ಎಲ್ಲಾದ್ರೂ ಗೊರಕೆ ಹೊಡಿಯುತ್ತಾ? ಇಲ್ಲಮ್ಮ."

ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಒಳಗಿನಿಂದ ಸರ್ಜನ್ ಕೂಗಿದರು: "ಮೇಡಂ, ಪೇಷೆಂಟ್ ಟೇಬಲ್ ಮೇಲಿದಾರೆ!" ಮೇಡಂ ಒಂದು ಕ್ಷಣ ಫೋನನ್ನೇ ನೋಡಿದರು. "ನಾಳೆ ಹೇಗಿದ್ರೂ ಎದುರಿಗೇ ನೋಡ್ತೀನಲ್ಲ" ಎಂದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಪೆಟ್ಟಿಗೆ ತರಲು ಸ್ಟೋರಿಗೆ ಹೋದೆ. ಪೆಟ್ಟಿಗೆ ಇರಲಿಲ್ಲ. ಆ ದಿನ ಶಿವಮೊಗ್ಗದ ಆಸ್ಪತ್ರೆಗೆ ಗುಣಮಟ್ಟದ ಸರ್ಟಿಫಿಕೇಟ್ ಕೊಡುವವರು ಇನ್‌ಸ್ಪೆಕ್ಷನ್ನಿಗೆ ಬರುವವರಿದ್ದರು. ಆಪರೇಷನ್ ಥಿಯೇಟರಿನ ಮುಂದೆ ಬಿಳಿ ಬಟ್ಟೆ ಹಾಸಿದ ಟೇಬಲ್ ಮೇಲೆ ಪೆಟ್ಟಿಗೆಯ ಸಾಮಾನನ್ನೆಲ್ಲ ಹೊರತೆಗೆದು ಸಾಲಾಗಿ ಜೋಡಿಸಿದ್ದರು. ಪಕ್ಕದಲ್ಲಿ ಸೇವಂತಿಗೆಯ ಹೂದಾನಿ.

"ಇವತ್ತೊಂದಿನ ಬಿಡಿ" ಎಂದರು ಮ್ಯಾನೇಜರ್. "ಅವರು ಮೊದಲು ಕೇಳೋದೇ ಇದನ್ನ. ಮಧ್ಯಾಹ್ನ ಆಂಬುಲೆನ್ಸಲ್ಲಿ ಕಳಿಸ್ತೀನಿ."

"ಮಗು ಟೇಬಲ್ ಮೇಲೆ ಬರೋದು ಬೆಳಿಗ್ಗೆ ಸರ್."

"ಸರ್‌ಗೆ ಫೋನ್ ಮಾಡಿ. ನನ್ನ ಯಾಕೆ ಬೈಯಿಸ್ತೀರಿ?"

ಮೇಡಂ ಫೋನ್ ಮಾಡಿದರು. ಸರ್ಜನ್ ಆಗಲೇ ಭದ್ರಾವತಿಯಲ್ಲಿದ್ದರು. ಅವರ ಉತ್ತರ ನನಗೂ ಕೇಳಿಸುವಷ್ಟು ಜೋರಾಗಿತ್ತು. "ಒಂದು ಹರ್ನಿಯಾಕ್ಕೆ ಇಷ್ಟೊಂದು ರಾಮಾಯಣ ಬೇಡ ಮೇಡಂ. ಆ ಪೆಟ್ಟಿಗೆ ಬರೋಕೆ ಮುಂಚೆ ನಾವು ಮಕ್ಕಳಿಗೆ ಆಪರೇಷನ್ ಮಾಡ್ತಿರಲಿಲ್ವಾ? ಮಗು ಹಸ್ಕೊಂಡಿದೆ, ಬೇಗ ಬನ್ನಿ."

ಮೇಡಂ ಕಾರಿನ ಬಾಗಿಲು ತೆರೆದು, "ಹತ್ತು ಮಾರಾಯ್ತಿ" ಎಂದರು.

ಭದ್ರಾವತಿಯಲ್ಲಿ ಥಿಯೇಟರಿನ ಬಾಗಿಲಲ್ಲೇ ತಾಯಿ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಪಕ್ಕದಲ್ಲಿ ಅಜ್ಜಿ, ಅಂದರೆ ಆಕೆಯ ಅತ್ತೆ. ಮಗು ಆಗ ತಾನೇ ಅಳು ನಿಲ್ಲಿಸಿ ಬಿಕ್ಕುತ್ತಿತ್ತು. ಅದೇ ಕೆಂಪು ಕುಲಾವಿ, ಅದೇ ಮಫ್ಲರ್. ಮೇಡಂ ಸ್ಟೆತಸ್ಕೋಪ್ ಇಟ್ಟು ಎದೆ ನೋಡಿದರು. ಶೀತ ಇರಲಿಲ್ಲ, ಕಫ ಇರಲಿಲ್ಲ, ಜ್ವರ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಎದೆ ಸ್ವಚ್ಛವಾಗಿತ್ತು. ಮೇಡಂ ಕುಲಾವಿಯ ಲಾಡಿ ಮುಟ್ಟಿದರು. ಮಗು ಮತ್ತೆ ಬಾಯಿ ತೆರೆಯಿತು.

"ನಿದ್ದೆ ಬಂದ್ಮೇಲೆ ತೆಗೀರಿ ತಾಯಿ" ಎಂದು ಅಜ್ಜಿ ಕೈ ಮುಗಿದರು. "ಈಗ ತೆಗೆದ್ರೆ ಅತ್ತು ಅತ್ತು ನೀಲಿ ಆಗ್ತಾನೆ."

ಅತ್ತ ಮಗುವಿನ ಗಂಟಲಲ್ಲಿ ಎಂಜಲು ಹೆಚ್ಚಾಗುತ್ತದೆ, ಆಗ ಮತ್ತು ಕೊಡುವುದು ಇನ್ನಷ್ಟು ಅಪಾಯ. ಆದ್ದರಿಂದ ಅಳಿಸದೆ ತಾಯಿಯ ತೊಡೆಯ ಮೇಲೇ ಗ್ಯಾಸ್ ಕೊಟ್ಟು ಮಲಗಿಸುವುದು ಒಳ್ಳೆಯ ಪದ್ಧತಿಯೇ. ಮೇಡಂ ಹಾಗೆ ಯೋಚಿಸಿದರು. ತಪ್ಪು ಎಂದು ಆಗ ನನಗೂ ಅನಿಸಲಿಲ್ಲ. ಆದರೆ ಆ ಲಾಡಿಯ ಗಂಟು ಈಗ ಎಷ್ಟೋ ಸಲ ನನ್ನ ಕಣ್ಣ ಮುಂದೆ ಬರುತ್ತದೆ. ಒಂದು ಎಳೆ ಎಳೆದಿದ್ದರೆ ಬಿಚ್ಚುತ್ತಿತ್ತು. ಮಗು ಅಳುತ್ತಿತ್ತು, ಅಷ್ಟೆ.

ತಾಯಿ ಸ್ಟೂಲಿನ ಮೇಲೆ ಕೂತರು. ಮೇಡಂ ಮಫ್ಲರ್ ಸ್ವಲ್ಪ ಸರಿಸಿ ಮಗುವಿನ ಮೂಗು ಬಾಯಿಯ ಮೇಲೆ ಮಾಸ್ಕ್ ಹಿಡಿದರು. ನಾನು ಗ್ಯಾಸ್ ಏರಿಸಿದೆ. ಮಗು ಒದೆಯಿತು, ಮುಲುಗಿತು, ಸಡಿಲವಾಯಿತು. ತಾಯಿಯನ್ನು ಹೊರಗೆ ಕಳಿಸಿ ಮಗುವನ್ನು ಟೇಬಲ್ ಮೇಲೆ ಅಂಗಾತ ಮಲಗಿಸಿದೆವು.

ಮಲಗಿಸಿದ ಕ್ಷಣವೇ ಶಬ್ದ ಶುರುವಾಯಿತು. ಗಂಟಲೊಳಗೆ ಯಾರೋ ಒದ್ದೆ ಬಟ್ಟೆ ಎಳೆದಂಥ ಶಬ್ದ. ಎದೆಯ ಗೂಡು ಒಳಕ್ಕೆ ಕುಸಿಯುತ್ತಿತ್ತು, ಹೊಟ್ಟೆ ಮೇಲೇಳುತ್ತಿತ್ತು. ಮಗು ಉಸಿರು ಎಳೆಯಲು ನೋಡುತ್ತಿದೆ, ಗಾಳಿ ಒಳಗೆ ಹೋಗುತ್ತಿಲ್ಲ.

"ಕುಲಾವಿ!" ಎಂದರು ಮೇಡಂ. ನಾನು ಲಾಡಿ ಎಳೆದು ಬಿಚ್ಚಿದೆ.

ಗದ್ದ ಇರಲಿಲ್ಲ. ಇತ್ತು, ಆದರೆ ಕೆಳತುಟಿಯ ಕೆಳಗೆ ಒಂದಿಷ್ಟು ಉಬ್ಬಿ ನೇರವಾಗಿ ಕತ್ತಿನೊಳಗೆ ಜಾರಿಹೋಗಿತ್ತು. ಅಲ್ಲಿ ಅಜ್ಜಿ ದೃಷ್ಟಿಬೊಟ್ಟು ಇಟ್ಟಿದ್ದರು. ಆ ಬೊಟ್ಟಿಗೇ ಜಾಗ ಸಾಲದೆ ಅರ್ಧ ಕತ್ತಿಗೆ ಹರಡಿತ್ತು. ಕೆಳದವಡೆ ಹೀಗೆ ಚಿಕ್ಕದಾಗಿ ಹಿಂದಕ್ಕೆ ಸರಿದಿದ್ದರೆ ನಾಲಿಗೆಗೆ ಬಾಯಲ್ಲಿ ಜಾಗ ಇರುವುದಿಲ್ಲ. ಎಚ್ಚರ ಇರುವವರೆಗೆ ಮಗು ಹೇಗೋ ನಾಲಿಗೆಯನ್ನು ಮುಂದೆ ಹಿಡಿದುಕೊಂಡಿರುತ್ತದೆ. ಮತ್ತು ಬಂದರೆ ನಾಲಿಗೆ ಹಿಂದಕ್ಕೆ ಬಿದ್ದು ಬಿರಡೆಯ ಹಾಗೆ ಗಂಟಲು ಮುಚ್ಚುತ್ತದೆ. ಟ್ಯೂಬ್ ಹಾಕಲು ಲಾರಿಂಗೋಸ್ಕೋಪ್ ಇಟ್ಟರೆ ಕಾಣುವುದೂ ನಾಲಿಗೆಯೇ.

ಮೇಡಂ ಮುಖ ನೋಡಿದೆ. ಮಾಸ್ಕಿನ ಮೇಲೆ ಅವರ ಕಣ್ಣಷ್ಟೇ ಕಾಣುತ್ತಿತ್ತು. "ಉಸಿರು ನಿಲ್ಲಿಸೋ ಔಷಧಿ ಯಾವುದೂ ಕೊಡಬೇಡ. ತನ್ನ ಉಸಿರು ತಾನೇ ಎಳೀತಿರಲಿ" ಎಂದರು. ಎರಡೂ ಕೈಯಲ್ಲಿ ಇಲ್ಲದ ಗದ್ದವನ್ನು ಹಿಡಿದು ಮೇಲೆತ್ತಿದರು. ನಾನು ಗಾಳಿ ತಳ್ಳುವ ರಬ್ಬರ್ ಬ್ಯಾಗ್ ಒತ್ತಿದೆ. ಬ್ಯಾಗು ಕಲ್ಲಿನ ಹಾಗಿತ್ತು. ಬಾಯೊಳಗೆ ನಾಲಿಗೆ ತಡೆಯುವ ಪ್ಲಾಸ್ಟಿಕ್ ಏರ್‌ವೇ ಇಟ್ಟ ಮೇಲೆ ಸ್ವಲ್ಪ ಗಾಳಿ ಹೋಯಿತು. ಸಿಸ್ಟರ್ ಪುಣ್ಯಕ್ಕೆ ಕೈಯ ನರಕ್ಕೆ ಸೂಜಿ ಸಿಕ್ಕಿಸಿದರು.

ಮೇಡಂ ಅಲ್ಲಿದ್ದ ಸಾದಾ ಲಾರಿಂಗೋಸ್ಕೋಪ್ ಹಾಕಿದರು. ನಾಲಿಗೆ. ಕಣ್ಣಿಗೆ ಬಿದ್ದದ್ದು ಬರೀ ಗುಲಾಬಿ ಮಾಂಸ. ಶ್ವಾಸನಾಳದ ಬಾಯಿ ಎಲ್ಲಿದೆಯೆಂದು ಅಂದಾಜೂ ಸಿಗಲಿಲ್ಲ. ಹೊರತೆಗೆದು ಮತ್ತೆ ಮಾಸ್ಕ್ ಹಿಡಿದು ಆಕ್ಸಿಜನ್ ಕೊಟ್ಟೆವು. ಹೆಗಲ ಕೆಳಗೆ ಬಟ್ಟೆ ಸುರುಳಿ ಇಟ್ಟು, ನಾನು ಹೊರಗಿನಿಂದ ಕತ್ತು ಒತ್ತಿ ಹಿಡಿದು, ಇನ್ನೊಂದು ಸಲ. ಅದೇ ನಾಲಿಗೆ. ಈ ಸಲ ಬ್ಲೇಡಿನ ತುದಿಯಲ್ಲಿ ರಕ್ತ ಬಂತು.

"ಎಲ್‌ಎಂಎ ಕೊಡು."

ನಾನು ಡ್ರಾಯರ್ ಎಳೆದೆ. ಅದರಲ್ಲಿ ದೊಡ್ಡವರ ಅಳತೆಯವಿದ್ದವು, ಆಗ ತಾನೆ ಹುಟ್ಟಿದ ಕೂಸಿನ ಅಳತೆಯದೊಂದು ಇತ್ತು. ಈ ಮಗುವಿನ ಅಳತೆಯದು ಶಿವಮೊಗ್ಗದಲ್ಲಿ, ಬಿಳಿ ಬಟ್ಟೆಯ ಮೇಲೆ, ಸೇವಂತಿಗೆಯ ಪಕ್ಕದಲ್ಲಿತ್ತು. ಕೂಸಿನದನ್ನೇ ಕೊಟ್ಟೆ. ಮೇಡಂ ಕೂರಿಸಿದರು. ಬ್ಯಾಗ್ ಒತ್ತಿದರೆ ಗಾಳಿಯೆಲ್ಲ ಬಾಯಿಯ ಸುತ್ತ ಬುಸ್ಸೆಂದು ಹೊರಗೆ ಬಂತು.

ಮಾನಿಟರಿನ ಟಿಕ್ ಟಿಕ್ ಶಬ್ದ ಆಕ್ಸಿಜನ್ ಇಳಿದ ಹಾಗೆ ದಪ್ಪಗಾಗುತ್ತ ಹೋಗುತ್ತದೆ. ನೋಡದೆ ಇದ್ದವರಿಗೂ ತಿಳಿಯಲಿ ಎಂದು ಹಾಗೆ ಮಾಡಿದ್ದಾರೆ. ಆ ಶಬ್ದ ಇಳಿಯತೊಡಗಿತು. ಸರ್ಜನ್ ಕೈ ತೊಳೆದು, ಗ್ಲೌಸ್ ಹಾಕಿ, ಎರಡೂ ಕೈ ಎದೆಯ ಮುಂದೆ ಹಿಡಿದುಕೊಂಡು ಕಾಯುತ್ತಿದ್ದರು.

"ಇನ್ನೊಂದ್ಸಲ ನೋಡಿ ಮೇಡಂ. ಮೂರನೇ ಸಲ ಹೋಗುತ್ತೆ."

"ಇಲ್ಲ."

"ಹಾಗಾದ್ರೆ ಮಾಸ್ಕ್ ಮೇಲೇ ಹಿಡ್ಕೊಳ್ಳಿ. ಕಣ್ಣು ಮುಚ್ಚಿ ಬಿಡೋದ್ರೊಳಗೆ ಮುಗಿಸ್ತೀನಿ."

"ಇಲ್ಲ ಸರ್. ಎಚ್ಚರ ಮಾಡ್ತಿದೀನಿ. ಆಪರೇಷನ್ ಇಲ್ಲ."

"ಮಾಡಿ ಕಳಿಸಿದ್ರೆ ಮುಗೀತಿತ್ತು! ಮತ್ತೆ ಅವರನ್ನ ಕರೆಸಿ, ಮತ್ತೆ ಮತ್ತು ಕೊಟ್ಟು..."

ಆಗ ಮೇಡಂ ಆಡಿದ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ದನಿ ಏರಿಸಲಿಲ್ಲ. "ಸರ್, ನೀವು ಹರ್ನಿಯಾದ ಕಡೆ ನಿಂತಿದೀರಿ. ಈ ಕಡೆ ಬನ್ನಿ, ಕತ್ತಿನ ಹತ್ತಿರ. ನಂಗೆ ಇನ್ನು ಗಾಳಿ ಕೊಡೋಕೆ ಆಗದೆ ಹೋದ್ರೆ ನೀವು ಗಂಟಲು ಕೊಯ್ದು ದಾರಿ ಮಾಡಬೇಕು. ಬ್ಲೇಡ್ ಕೈಗೆ ತಗೊಳ್ಳಿ."

ಸರ್ಜನ್ ಕೈ ಎದೆಯಿಂದ ಕೆಳಗಿಳಿಯಿತು. "ಇಷ್ಟು ಚಿಕ್ಕ ಮಗುಗೆ ನಾನು ಮಾಡಿಲ್ಲ" ಎಂದರು.

"ನಾನೂ ಮಾಡಿಸಿಲ್ಲ. ಬನ್ನಿ."

ಅವರು ಬಂದು ನಿಂತರು. ಆ ಮನುಷ್ಯನ ಹಣೆಯಲ್ಲಿ ಬೆವರು ಮೂಡಿದ್ದನ್ನು ನೋಡಿದೆ. ಮೊದಲ ಸಲ ಅವರಿಗೆ ಅದು ಚಿಕ್ಕದಾಗಿ ಕಾಣಲಿಲ್ಲ.

ನಾನು ಗ್ಯಾಸ್ ಮುಚ್ಚಿ ಪೂರ್ತಿ ಆಕ್ಸಿಜನ್ ಬಿಟ್ಟೆ. ಮೇಡಂ ಮಗುವನ್ನು ಮಗ್ಗುಲಿಗೆ, ಮಗ್ಗುಲಿಗಿಂತಲೂ ಹೆಚ್ಚಾಗಿ, ಅರೆ ಬೋರಲಾಗಿ ಹೊರಳಿಸಿದರು. ನಾಲಿಗೆ ಹಿಂದೆ ಬೀಳುವ ಬದಲು ಮುಂದೆ ಜೋಲಲಿ ಎಂದು. "ನಾಲಿಗೆ ಹಿಡಿ" ಎಂದರು. ನಾನು ಗಾಜ್ ಬಟ್ಟೆಯಲ್ಲಿ ನಾಲಿಗೆಯ ತುದಿ ಹಿಡಿದು ಹೊರಕ್ಕೆ ಎಳೆದೆ. ಅದು ಜಾರುತ್ತಿತ್ತು. ಹಿಡಿದ ಬೆರಳುಗಳು ಈಗ ಇದನ್ನು ಬರೆಯುವಾಗಲೂ ಬಿಗಿಯಾಗುತ್ತಿವೆ. ಮೇಡಂ ಒಂದು ಚಿಕ್ಕ ಟ್ಯೂಬನ್ನು ಕತ್ತರಿಯಲ್ಲಿ ಗಿಡ್ಡ ಮಾಡಿ, ಜೆಲ್ಲಿ ಹಚ್ಚಿ, ಮೂಗಿನ ಹೊಳ್ಳೆಯೊಳಗೆ ಇಳಿಸತೊಡಗಿದರು. ಅದು ಶ್ವಾಸನಾಳದವರೆಗೆ ಹೋಗಬೇಕಿರಲಿಲ್ಲ. ನಾಲಿಗೆಯ ಬುಡವನ್ನು ದಾಟಿ ಗಂಟಲ ಹಿಂಭಾಗ ಮುಟ್ಟಿದರೆ ಸಾಕಿತ್ತು.

ಮಾನಿಟರಿನ ಶಬ್ದ ನಾನು ಕೇಳಿರದಷ್ಟು ದಪ್ಪವಾಗಿತ್ತು. ತುಟಿಯ ಬಣ್ಣ ಹೋಗಿತ್ತು. ಆಮೇಲೆ ಟಿಕ್‌ಗಳ ನಡುವಿನ ಅಂತರ ಉದ್ದವಾಯಿತು. ಆಕ್ಸಿಜನ್ ಇಲ್ಲದ ಮಗುವಿನ ಹೃದಯ ನಿಧಾನವಾಗುತ್ತದೆ, ನಿಧಾನವಾಗಿ ನಿಲ್ಲುತ್ತದೆ. ಸಿಸ್ಟರ್ ಕೈಯಲ್ಲಿ ಹೃದಯ ಎಬ್ಬಿಸುವ ಔಷಧಿ ಸಿದ್ಧವಿತ್ತು. ಮೇಡಂ "ಕೊಡಿ" ಎಂದರು, ಸಿಸ್ಟರ್ ಕೊಟ್ಟರು. ಸರ್ಜನ್ ಬ್ಲೇಡ್ ಹಿಡಿದ ಕೈ ಕತ್ತಿನ ಮೇಲೆ ಬಂತು. "ಈಗ್ಲಾ?" ಎಂದು ಕೇಳಿದರು. ಕೇಳಿದ ದನಿ ಅವರದ್ದೇ ಎಂದು ನನಗೆ ಅನಿಸಲಿಲ್ಲ.

"ಒಂದ್ಸಲ ತಡೀರಿ" ಎಂದು ಮೇಡಂ ಮೂಗಿನ ಟ್ಯೂಬಿಗೆ ಬ್ಯಾಗ್ ಸಿಕ್ಕಿಸಿ, ಬಾಯಿ ಮತ್ತು ಇನ್ನೊಂದು ಹೊಳ್ಳೆಯನ್ನು ಕೈಯಲ್ಲಿ ಮುಚ್ಚಿ, ಒತ್ತಿದರು.

ಎದೆ ಎದ್ದಿತು.

ಸ್ವಲ್ಪವೇ ಎದ್ದಿತು. ಮತ್ತೆ ಒತ್ತಿದರು, ಮತ್ತೆ ಎದ್ದಿತು. ಆಮೇಲೆ ಮಗು ತಾನೇ ಒಂದು ಉಸಿರು ಎಳೆಯಿತು. ಟಿಕ್ ಶಬ್ದ ಸ್ವಲ್ಪ ಹೊತ್ತು ಹಾಗೇ ಇದ್ದು, ತೆಳ್ಳಗಾಗುತ್ತ ಬಂತು. ಮಗು ಕೆಮ್ಮಿತು, ನಾನು ಹಿಡಿದಿದ್ದ ನಾಲಿಗೆಯನ್ನು ಒಳಕ್ಕೆ ಎಳೆದುಕೊಂಡಿತು, ಅತ್ತಿತು. ಸರ್ಜನ್ ಬ್ಲೇಡನ್ನು ಟ್ರೇಯಲ್ಲಿ ಇಟ್ಟು, ಗ್ಲೌಸ್ ಕಿತ್ತು, ಹೊರಗೆ ಹೋದರು. ನಾನು ಅದನ್ನು ಆಘಾತ ಎಂದುಕೊಂಡೆ. ಅವರು ಹೋದದ್ದು ಕತೆ ಕಟ್ಟಲು.

ಮಗುವನ್ನು ವಾರ್ಡಿಗೆ ತಂದಾಗ ಅಜ್ಜಿ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು. "ನಾನೇ ಪಾಪಿ, ನಾನೇ! ನಿನ್ನೆ ತಣ್ಣೀರಲ್ಲಿ ಕೈ ತೊಳೆಸಿದ್ದೆ."

ಏನಾಯಿತೆಂದು ಕೇಳಿದೆ. ಸರ್ಜನ್ ಬಂದು ಹೇಳಿದ್ದರಂತೆ: ಮಗುಗೆ ಶೀತ ಇದೆ, ನೀವು ಮುಚ್ಚಿಟ್ಟಿರಿ, ಅದಕ್ಕೇ ಉಸಿರಿಗೆ ತೊಂದರೆ ಆಗಿ ಆಪರೇಷನ್ ಮುಂದಕ್ಕೆ ಹಾಕಬೇಕಾಯಿತು, ಶೀತ ಇಳಿದ ಮೇಲೆ ಕರೆದುಕೊಂಡು ಬನ್ನಿ.

ಅದೇ ಹೊತ್ತಿಗೆ ಜೇಬಿನಲ್ಲಿ ಫೋನ್ ಸದ್ದು ಮಾಡಿತು. ಆಸ್ಪತ್ರೆಯ ವಾಟ್ಸಾಪ್ ಗ್ರೂಪಿನಲ್ಲಿ ಮ್ಯಾನೇಜರ್ ಫೋಟೋ ಹಾಕಿದ್ದರು. ಬಿಳಿ ಬಟ್ಟೆ, ಸಾಲಾಗಿ ಜೋಡಿಸಿದ ಎಲ್‌ಎಂಎಗಳು, ಹೂದಾನಿ. ಕೆಳಗೆ ಕೈ ಮುಗಿದ ಚಿಹ್ನೆಗಳು, ಚಪ್ಪಾಳೆಗಳು. ಈ ಮಗುವಿನ ಅಳತೆಯದು ಎಡಗಡೆಯಿಂದ ಎರಡನೆಯದು. ದೊಡ್ಡದು ಮಾಡಿ ನೋಡಿದೆ. ಪ್ಯಾಕೆಟ್ ಒಡೆದಿರಲಿಲ್ಲ. ಮೇಡಂಗೆ ತೋರಿಸಿದೆ. ಅವರು ಫೋನನ್ನು ಮಗುಚಿ ಮಂಚದ ಮೇಲಿಟ್ಟು, ತಾಯಿಯ ಪಕ್ಕ ಕೂತರು.

"ಶೀತ ಇರಲಿಲ್ಲ" ಎಂದರು. "ನಿಮ್ಮಿಂದ ಏನೂ ತಪ್ಪಾಗಿಲ್ಲ. ನಿಮ್ಮ ಮಗನ ಕೆಳದವಡೆ ಚಿಕ್ಕದು. ಮತ್ತು ಕೊಟ್ಟಾಗ ನಾಲಿಗೆ ಹಿಂದೆ ಬಿದ್ದು ಉಸಿರು ನಿಂತಿತ್ತು. ನಾವು ಅವನನ್ನ ಕಳ್ಕೊಳ್ತಿದ್ವಿ."

ತಾಯಿ ಮಗುವನ್ನು ನೋಡಿದರು. ಅದು ಹೊರಳಿ ಬೋರಲಾಗಿ ನಿದ್ದೆ ಹೋಗಿತ್ತು.

"ನಮ್ಮ ಮನೆ ಗದ್ದನೇ ಹಾಗೆ" ಎಂದರು ಅಜ್ಜಿ, ಇನ್ನೂ ಅರ್ಥವಾಗದೆ. "ಅವರಪ್ಪಂಗೂ ಸಣ್ಣದೇ. ಇವನಿಗೆ ಅಂಗಾತ ಮಲಗೋಕೆ ಆಗಲ್ಲ, ಬೋರಲೇ ಮಲಗೋದು. ಹೊರಳಿದ್ರೆ ಪಾರಿವಾಳದ ಥರ ಗುಟುರು ಹಾಕ್ತಾನೆ."

"ಗೊರಕೆ ಹೊಡಿಯಲ್ಲ ಅಂದ್ರಲ್ಲ ಅಜ್ಜಿ?" ಎಂದೆ. ಸಿಟ್ಟು ಬಂದಿತ್ತು.

"ಗೊರಕೆ ಅಲ್ವಲ್ಲಮ್ಮ. ಗೊರಕೆ ಹೊಡಿಯೋದು ಗಂಡಸರು. ಮಗು ಗುಟುರು ಹಾಕುತ್ತೆ."

ಆ ಒಂದು ಶಬ್ದ ಹಿಂದಿನ ದಿನ ನಮಗೆ ಸಿಕ್ಕಿದ್ದರೆ ಎಂದು ನಾನು ಎಷ್ಟು ಸಲ ಯೋಚಿಸಿದ್ದೇನೋ. ಅಜ್ಜಿಯ ಮೇಲಿನ ಸಿಟ್ಟು ಆ ಕ್ಷಣವೇ ಹೋಯಿತು. ಕೇಳಿದ್ದಕ್ಕೆ ಅವರು ಸರಿಯಾಗಿಯೇ ಉತ್ತರ ಕೊಟ್ಟಿದ್ದರು. ಹೇಗೆ ಮಲಗುತ್ತಾನೆ, ಮಲಗಿದಾಗ ಏನು ಶಬ್ದ ಮಾಡುತ್ತಾನೆ ಎಂದು ಎದುರಿಗೆ ಕೂತು ಕೇಳುವ ಪುರುಸೊತ್ತು ನಮಗಿರಲಿಲ್ಲ.

ತಾಯಿ ಮೇಡಂ ಕಡೆ ತಿರುಗದೆ ಮಾತಾಡಿದರು. "ನಾನು ಶಿವಮೊಗ್ಗದ ಗಾಂಧಿ ಬಜಾರಲ್ಲಿ ಬಟ್ಟೆ ಅಂಗಡೀಲಿ ಕೆಲಸ ಮಾಡ್ತೀನಿ. ಒಂದು ಬ್ಲೌಸ್ ಪೀಸ್ ಕೊಡ್ಬೇಕಾದ್ರೂ ಬಿಚ್ಚಿ, ಬೆಳಕಿಗೆ ಹಿಡಿದು ತೋರಿಸ್ತೀವಿ. ನನ್ನ ಮಗನ ಮುಖ ಬಿಚ್ಚಿ ನೋಡೋಕೆ ನಿಮ್ಮ ಕೈಲಿ ಆಗ್ಲಿಲ್ವಾ ಮೇಡಂ?"

"ಆಗ್ಲಿಲ್ಲ" ಎಂದರು ಮೇಡಂ. "ನಾನು ನೋಡಬೇಕಿತ್ತು. ನೋಡಲಿಲ್ಲ."

ನನಗೆ ಮೇಡಂ ಮೇಲೂ ಕೋಪ ಇತ್ತು, ಈಗಲೂ ಇದೆ. ಮಗುವನ್ನು ಉಳಿಸಿದ ಕೈಯೂ ಅದೇ, ಲಾಡಿಯನ್ನು ಮುಟ್ಟಿ ಬಿಟ್ಟ ಕೈಯೂ ಅದೇ. ಆದರೆ ಆ ಆಸ್ಪತ್ರೆಯಲ್ಲಿ 'ಆಗ್ಲಿಲ್ಲ' ಎಂಬ ಮಾತನ್ನು ನಾನು ಬೇರೆ ಯಾರ ಬಾಯಿಂದಲೂ ಕೇಳಿರಲಿಲ್ಲ.

"ನನ್ನ ಬೈಯೋದು ಇದ್ದೇ ಇದೆ" ಎಂದರು ಮೇಡಂ. "ಈಗ ಒಂದು ಮಾತು ಕೇಳಿ. ಹರ್ನಿಯಾ ಹಾಗೇ ಇದೆ. ಅದರೊಳಗೆ ಕರುಳು ಯಾವತ್ತು ಬೇಕಾದ್ರೂ ಸಿಕ್ಕಿಹಾಕ್ಕೋಬಹುದು. ಗಂಟು ಗಟ್ಟಿಯಾಗಿ, ಮಗು ವಾಂತಿ ಮಾಡ್ಕೊಂಡು ಅಳುತ್ತೆ. ಆಗ ನೀವು ಗಾಬರಿಯಲ್ಲಿ ಹತ್ತಿರದ ಯಾವುದೋ ಆಸ್ಪತ್ರೆಗೆ ಓಡ್ತೀರಿ. ಅಲ್ಲಿರೋರಿಗೆ ಇವತ್ತು ಆಗಿದ್ದು ಗೊತ್ತಿರಲ್ಲ. ಶೀತ ಅಂತ ನೀವು ಹೇಳಿದ್ರೆ ಅವರೂ ಎದೆ ನೋಡಿ ಮತ್ತು ಕೊಡ್ತಾರೆ. ನಾನು ಬರೆದೂ ಕೊಡ್ತೀನಿ, ಆದ್ರೆ ಗಾಬರಿಯಲ್ಲಿ ಚೀಟಿ ಮನೇಲೇ ಉಳಿಯುತ್ತೆ. ಬಾಯಲ್ಲಿರಬೇಕು. ಹೇಳಿ: ನನ್ನ ಮಗನ ಗದ್ದ ಚಿಕ್ಕದು. ಮತ್ತು ಕೊಟ್ರೆ ಉಸಿರು ಕಟ್ಟುತ್ತೆ. ಗಂಟಲಿಗೆ ಟ್ಯೂಬ್ ಹೋಗಲ್ಲ. ಮಕ್ಕಳಿಗೇ ಮತ್ತು ಕೊಡೋರು ಇರೋ ದೊಡ್ಡ ಆಸ್ಪತ್ರೆಗೆ ಕಳಿಸಿ."

ತಾಯಿ ಹೇಳಿದರು. ಮೇಡಂ ಮತ್ತೆ ಹೇಳಿಸಿದರು. ಶಾಲೆಯಲ್ಲಿ ಮಗ್ಗಿ ಒಪ್ಪಿಸುವವರ ಹಾಗೆ ಆಕೆ ಕಣ್ಣು ಮುಚ್ಚಿಕೊಂಡು ಹೇಳಿದರು. ಆಮೇಲೆ ಕಣ್ಣು ತೆರೆದು, "ಹಗಲೆಲ್ಲ ನಾನು ಶಿವಮೊಗ್ಗದಲ್ಲಿರ್ತೀನಿ. ಮನೇಲಿರೋದು ಅತ್ತೆ" ಎಂದರು. "ಅತ್ತೆ, ನೀವು ಕಲೀರಿ."

ಅಜ್ಜಿಗೆ ಅದು ಬಾಯಿಗೆ ಬರಲಿಲ್ಲ. ಪ್ರತಿ ಸಲವೂ ಶೀತದಿಂದಲೇ ಶುರು ಮಾಡುತ್ತಿದ್ದರು. ದೊಡ್ಡ ಡಾಕ್ಟರು ಹೇಳಿದ್ದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. "ಮಗುಗೆ ಶೀತ ಆಗಿತ್ತು, ಆಮೇಲೆ ಗದ್ದ..." ಸೊಸೆ ತಡೆದು ಮತ್ತೆ ಹೇಳಿಕೊಡುತ್ತಿದ್ದರು. ಮತ್ತೆ ಶೀತ.

ಅಷ್ಟರಲ್ಲಿ ಸರ್ಜನ್ ಬಾಗಿಲಲ್ಲಿ ನಿಂತರು. ಕೂದಲು ಬಾಚಿ, ಬೇರೆ ಶರ್ಟು ಹಾಕಿದ್ದರು.

"ಮೇಡಂ, ಸ್ವಲ್ಪ ಹೊರಗೆ ಬರ್ತೀರಾ? ಇಲ್ಲಿ ಏನೇನೋ ಹೇಳಿ ಪೇಷೆಂಟ್ ಕಡೆಯೋರನ್ನ ಹೆದರಿಸಬೇಡಿ. ನಾಳೆಯಿಂದ ನೀವು ಬರೋದು ಬೇಡ, ಬೇರೆಯವರನ್ನ ನೋಡ್ಕೊಳ್ತೀನಿ." ಆಮೇಲೆ ದನಿಗೆ ಸಕ್ಕರೆ ಹಾಕಿ ತಾಯಿಯ ಕಡೆ ತಿರುಗಿದರು. "ಏನಿಲ್ಲಮ್ಮ, ಶೀತ ಇಳೀಲಿ. ಇಳಿದ್ಮೇಲೆ ನಾನೇ ನಿಂತು ಮಾಡಿಕೊಡ್ತೀನಿ."

ತಾಯಿ ಎದ್ದು ಬಾಗಿಲ ಹತ್ತಿರ ಹೋದರು. "ಡಾಕ್ಟ್ರೇ, ನನ್ನ ಮಗನ ಗದ್ದ ಚಿಕ್ಕದು. ಮತ್ತು ಕೊಟ್ರೆ ಉಸಿರು ಕಟ್ಟುತ್ತೆ" ಎಂದು ಪೂರ್ತಿ ಒಪ್ಪಿಸಿದರು. ಆಮೇಲೆ, "ಈಗ ನೀವು ಹೇಳಿ" ಎಂದರು.

"ಏನಮ್ಮ ಇದು?"

"ನಮ್ಮ ಅತ್ತೆಗೆ ಶೀತ ಅಂತ ಹೇಳಿದೋರು ನೀವು. ನೀವೇ ಅಲ್ಲ ಅಂತ ಹೇಳಿದ್ರೆ ಅವರ ತಲೆಗೆ ಹೋಗುತ್ತೆ. ಹೇಳಿ."

ಸರ್ಜನ್ ಮೇಡಂ ಕಡೆ ನೋಡಿದರು, ನನ್ನ ಕಡೆ ನೋಡಿದರು. ವಾರ್ಡಿನ ಉಳಿದ ಮಂಚಗಳಲ್ಲಿದ್ದವರೆಲ್ಲ ಎದ್ದು ಕೂತು ನೋಡುತ್ತಿದ್ದರು. ತಾಯಿ ಬಾಗಿಲು ಬಿಟ್ಟು ಸರಿಯಲಿಲ್ಲ.

ಹಿಂದಿನಿಂದ ಮಂಚ ಕಿರುಗುಟ್ಟಿತು. ಅಜ್ಜಿ ಎದ್ದಿದ್ದರು. ಸೆರಗು ಸರಿಮಾಡಿಕೊಂಡು, ಕಣ್ಣು ಒರೆಸಿಕೊಂಡು, ಸೊಸೆಯ ಪಕ್ಕ ಬಂದು ನಿಂತು ಸರ್ಜನ್ ಮುಖ ನೋಡಿದರು.

"ನನ್ನ ಮೊಮ್ಮಗನ ಗದ್ದ ಚಿಕ್ಕದು" ಎಂದರು, ಒಂದೊಂದೇ ಮಾತು ಹುಡುಕಿಕೊಂಡು. "ಮತ್ತು ಕೊಟ್ರೆ ಉಸಿರು ಕಟ್ಟುತ್ತೆ. ಗಂಟಲಿಗೆ ಟ್ಯೂಬ್ ಹೋಗಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಿ." ಸ್ವಲ್ಪ ತಡೆದು, ಯಾರೂ ಹೇಳಿಕೊಡದಿದ್ದ ಒಂದು ಮಾತು ಸೇರಿಸಿದರು. "ಶೀತ ಇರಲಿಲ್ಲ."